ಹೆಬ್ಬೆರಳಿಗೊಬ್ಬ ಗುರು

ನಮ್ಮ ಹೊಸಹಳ್ಳಿಯ ಮನೆಗಳಲ್ಲಿ ಪಿಯಾನೊ ಎಂದರೆ ಹಜಾರ ತುಂಬುವ ಮರದ ವಾದ್ಯವಲ್ಲ. ಇಪ್ಪತ್ತು–ಮೂವತ್ತರ ಸೈಟು, ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅಲ್ಲಿ ಹಿಡಿಸುವುದು ಸ್ಟ್ಯಾಂಡಿನ ಮೇಲೆ ಕೂರುವ ಡಿಜಿಟಲ್ ಪಿಯಾನೊ, ಇಲ್ಲವೇ 61 ಕೀಗಳ ಕೀಬೋರ್ಡು. ಆಫೀಸಿನಿಂದ ಬಂದು, ಊಟ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸಕ್ಕೆ ಕೂರುವವರು ಹೆಚ್ಚುತ್ತಿದ್ದಾರೆ. ಇದು ನನಗೆ ತುಂಬ ಸಂತೋಷದ ಸಂಗತಿ. ಅವರೆಲ್ಲರ ಪ್ರಶ್ನೆಯೂ ಒಂದೇ: ‘ವಿಡಿಯೊ ನೋಡಿಕೊಂಡು ನಾನೇ ಕಲೀಲಾ, ಮೇಷ್ಟ್ರನ್ನ ಹುಡುಕಲಾ?’ ಮೊದಲು ತಾವೇ ಕಲಿತು ನೋಡುವುದು, ಆಸಕ್ತಿ ನಿಂತರೆ ಆಮೇಲೆ ಮೇಷ್ಟ್ರು ಎಂದು ಬಹಳ ಜನ ತೀರ್ಮಾನಿಸಿರುತ್ತಾರೆ. ಆ ಕ್ರಮ ತಿರುಗುಮುರುಗಾಗಿದೆ. ಗುರು ಬೇಕಾದದ್ದು ಮೊದಲ ಕೆಲವು ತಿಂಗಳಲ್ಲಿ. ಒಬ್ಬರೇ ಕಲಿಯುವ ಕಾಲ ಅದರ ನಂತರದ್ದು.

ಕಾರಣ ನಮ್ಮ ಸರಳೆ ವರಸೆಯಲ್ಲೇ ಇದೆ. ಚಿಕ್ಕಂದಿನಲ್ಲಿ ಒಂದಿಷ್ಟು ಸಂಗೀತ ಪಾಠ ಆದವರು ಪಿಯಾನೊ ಮುಂದೆ ಕೂತ ತಕ್ಷಣ ಮಾಯಾಮಾಳವಗೌಳ ರಾಗ ಹುಡುಕುತ್ತಾರೆ. ಸಿ ಕೀಯನ್ನು ಷಡ್ಜ ಮಾಡಿಕೊಂಡರೆ ಸುಲಭವಾಗಿ ಸಿಗುತ್ತದೆ. ರಿಷಭ, ಧೈವತ ಎರಡು ಕಪ್ಪು ಕೀ, ಉಳಿದದ್ದೆಲ್ಲ ಬಿಳಿ. ಬಲಗೈ ಹೆಬ್ಬೆರಳಿನಿಂದ ಹೊರಟು ಸ ರಿ ಗ ಮ ಪ ನುಡಿಸುವಷ್ಟರಲ್ಲಿ ಐದು ಬೆರಳೂ ಮುಗಿದವು, ದ ನಿ ಸ ಬಾಕಿ ಉಳಿದವು. ಒಬ್ಬರೇ ಕಲಿಯುವವರು ಇಲ್ಲಿ ಇಡೀ ಕೈಯನ್ನು ಎತ್ತಿ ಮುಂದಕ್ಕೆ ಇಡುತ್ತಾರೆ. ಪಂಚಮಕ್ಕೂ ಧೈವತಕ್ಕೂ ನಡುವೆ ಒಂದು ಸಣ್ಣ ಬಿರುಕು ಬೀಳುತ್ತದೆ. ಪಿಯಾನೊದ ದಾರಿ ಬೇರೆ. ಸ ರಿ ಗ ಮೂರು ಬೆರಳಿಗೆ. ಮಧ್ಯಮಕ್ಕೆ ಹೆಬ್ಬೆರಳು ಅಂಗೈ ಕೆಳಗಿಂದ ತೂರಿ ಬರಬೇಕು. ಪ ದ ನಿ ಸ ಉಳಿದ ನಾಲ್ಕಕ್ಕೆ. ಹೀಗಾದರೆ ಎಂಟು ಸ್ವರವೂ ಒಂದೇ ಎಳೆಯಾಗಿ ಹರಿಯುತ್ತವೆ.

ಆ ಬಿರುಕು ನುಡಿಸುವವರಿಗೇ ಕೇಳಿಸುವುದಿಲ್ಲ. ರಾಗ ಬಾಯಿಪಾಠ ಇರುವುದರಿಂದ ಕಿವಿ ಅದನ್ನು ತಾನೇ ತುಂಬಿಕೊಂಡುಬಿಡುತ್ತದೆ. ಮೊದಲ ಕಾಲದಲ್ಲಿ ತೊಂದರೆಯೂ ಕಾಣದು. ಮೂರನೇ ಕಾಲಕ್ಕೆ ಬಂದಾಗ ಕೈ ಎಡವುತ್ತದೆ. ಅಷ್ಟರಲ್ಲಿ ವರ್ಷ ಕಳೆದು ಅಭ್ಯಾಸ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿ ಕೂತ ಗುರು ಇದನ್ನು ಮೊದಲ ತರಗತಿಯಲ್ಲೇ ಹಿಡಿಯುತ್ತಾರೆ. ಮೇಲಿನಿಂದ ಬಣ್ಣದ ಪಟ್ಟಿಗಳು ಇಳಿದು ಕೀ ಮುಟ್ಟುವ ವಿಡಿಯೊಗಳಿವೆಯಲ್ಲ, ಅವು ಯಾವ ಕೀ, ಎಷ್ಟು ಹೊತ್ತು ಎಂದು ತೋರಿಸುತ್ತವೆ. ಯಾವ ಬೆರಳು, ಎಷ್ಟು ಭಾರ, ಮಣಿಕಟ್ಟು ಎಲ್ಲಿರಬೇಕು ಎಂಬುದು ಆ ಪಟ್ಟಿಗಳಲ್ಲಿಲ್ಲ.

ಮನೆಯಲ್ಲಿ ಹಾರ್ಮೋನಿಯಂ ಇದ್ದವರಿಗೆ ಇನ್ನೊಂದು ತೊಡಕು. ಹಾರ್ಮೋನಿಯಂನಲ್ಲಿ ನಾದ ಏರುವುದು ಇಳಿಯುವುದು ತಿದಿಯಿಂದ. ಬೆರಳು ಎಷ್ಟು ಒತ್ತಿದರೂ ಅಷ್ಟೇ. ಪಿಯಾನೊದಲ್ಲಿ ಕೀ ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ಜೋರಾಗಿ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಮೇಲೆ ಆ ಸ್ವರವನ್ನು ಉಬ್ಬಿಸಲಾಗದು, ಅಲುಗಿಸಲಾಗದು. ಗಮಕಕ್ಕೆ ಅಲ್ಲಿ ಜಾಗವಿಲ್ಲ. ಎಲ್ಲ ಭಾವವೂ ಬೆರಳು ಕೀ ಮುಟ್ಟುವ ಮುಂಚೆಯೇ ತೀರ್ಮಾನವಾಗಬೇಕು. ಕರ್ನಾಟಕ ಸಂಗೀತದ ಕಿವಿಯುಳ್ಳವರು ಇಲ್ಲಿ ಬೇಸತ್ತು ವಾದ್ಯವನ್ನೇ ಬಿಡುವುದನ್ನು ನೋಡಿದ್ದೇನೆ. ಪಿಯಾನೊದ ಸೊಗಸು ಎಡಗೈ ಬಲಗೈಗಳ ಸಂವಾದದಲ್ಲಿ, ಪೆಡಲಿನ ಉಸಿರಿನಲ್ಲಿ ಇದೆಯೆಂದು ಎದುರಿಗೆ ನುಡಿಸಿ ತೋರಿಸುವವರು ಬೇಕು. ಹೊಸ ಸ್ವರಮೇಳ ಬಿದ್ದ ಗಳಿಗೆಗೆ ಕಾಲು ಮೇಲೆದ್ದು, ಮರುಗಳಿಗೆಗೆ ಮತ್ತೆ ಒತ್ತಬೇಕು. ಕೈ ಇಳಿಯುವಾಗ ಕಾಲು ಏಳುವ ಈ ಚಲನೆಯನ್ನು ಪರದೆ ನೋಡಿ ಕಲಿತವರು ಅಪರೂಪ.

‘ಹಾಗಾದರೆ ಆರ್ಕೆಸ್ಟ್ರಾದವರು?’ ಎಂದು ಕೇಳುವಿರಿ. ಗಣೇಶೋತ್ಸವ, ರಾಜ್ಯೋತ್ಸವದ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸುವವರಲ್ಲಿ ಬಹುಪಾಲು ಜನ ನೊಟೇಷನ್ ಓದಿದವರಲ್ಲ, ಕೇಳಿ ಕಲಿತವರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ಒಂಟಿಯಾಗಿ ಕಲಿತವರಲ್ಲ. ರಿಹರ್ಸಲ್‌ನಲ್ಲಿ ಗಾಯಕಿ ‘ಶ್ರುತಿ ಅರ್ಧ ಇಳಿಸಿ ಸರ್’ ಎನ್ನುತ್ತಾರೆ, ತಬಲಾದವರು ಲಯ ತಪ್ಪಿದ ಜಾಗವನ್ನು ಬೆರಳಿಟ್ಟು ತೋರಿಸುತ್ತಾರೆ, ಹಿರಿಯ ವಾದಕರು ‘ಆ ಬಿಜಿಎಂ ಹಾಗಲ್ಲಪ್ಪ’ ಎಂದು ತಾವೇ ಕೈ ಇಡುತ್ತಾರೆ. ಶುಲ್ಕ ಕೊಟ್ಟಿಲ್ಲ, ಅಷ್ಟೇ. ಹೆಡ್‌ಫೋನ್ ಹಾಕಿ ಕೂತವರಿಗೆ ಈ ಭಾಗ್ಯವಿಲ್ಲ.

ಒಬ್ಬರೇ ಕಲಿಯುವುದಕ್ಕೆ ಎಲ್ಲ ಸೌಕರ್ಯವೂ ಇದ್ದ ಕನ್ನಡ ನಾಡಿನ ವ್ಯಕ್ತಿಯೆಂದರೆ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅರಮನೆಯಲ್ಲಿ ಪಿಯಾನೊಗಳಿದ್ದವು, ಪಾಶ್ಚಾತ್ಯ ಸಂಗೀತದ ಅದ್ಭುತವಾದ ಗ್ರಾಮಫೋನ್ ರೆಕಾರ್ಡ್ ಸಂಗ್ರಹವಿತ್ತು. ಆದರೂ ಅವರು ಶಿಷ್ಯರಾಗಿಯೇ ಕಲಿತರು. ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೊ ಮಾಡಿತು. ಮುಂದೆ ಮನಸ್ಸು ಕರ್ನಾಟಕ ಸಂಗೀತದ ಕಡೆ ಹೊರಳಿದಾಗ, ಅಷ್ಟೆಲ್ಲ ಸಂಗೀತ ಗೊತ್ತಿದ್ದ ಮಹಾರಾಜರು ಮತ್ತೆ ಮೊದಲಿನಿಂದ ಪಾಠಕ್ಕೆ ಕೂತರು. ವೀಣೆಗೆ ವೆಂಕಟಗಿರಿಯಪ್ಪನವರು, ಶಾಸ್ತ್ರಕ್ಕೆ ವಾಸುದೇವಾಚಾರ್ಯರು. ಬೇರೆ ಬೇರೆ ರಾಗಗಳಲ್ಲಿ 94 ಕೃತಿಗಳು ಬಂದದ್ದು ಆ ಪಾಠದ ನಂತರ.

ಅವರ ಬದುಕಿನಲ್ಲಿ ಸ್ವಂತ ಹುಡುಕಾಟದ ಪಾಲೂ ದೊಡ್ಡದು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಯೋಜಕ ಲಂಡನ್ನಿನಲ್ಲಿ ವಯಸ್ಸಾಗಿ, ಆರೋಗ್ಯ ಕೆಟ್ಟು ಮರೆಯಾಗುತ್ತಿದ್ದಾಗ, ಅವರ ರಚನೆಗಳನ್ನು ಅವರೇ ನುಡಿಸಿ ರೆಕಾರ್ಡ್ ಮಾಡಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಮೈಸೂರಿನ ಈ ದೊರೆ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಇಂಥ ರುಚಿಯನ್ನು ಯಾವ ಗುರುವೂ ಪಾಠ ಹೇಳಿ ಕೊಡಲಾಗದು. ಅದು ಒಬ್ಬರೇ ಕೂತು, ರೆಕಾರ್ಡ್ ಮೇಲೆ ರೆಕಾರ್ಡ್ ಕೇಳಿ ಬೆಳೆಸಿಕೊಂಡದ್ದು.

ಹೆಬ್ಬೆರಳು ತೂರುವುದು, ಪೆಡಲಿನಿಂದ ಕಾಲು ಮೇಲೇಳುವುದು, ಎರಡು ಸಾಲಿನ ನೊಟೇಷನ್ ಓದುವುದು, ಇಷ್ಟು ಕೈವಶವಾದ ಮೇಲೆ ವಾರದ ತರಗತಿ ತಿಂಗಳಿಗೊಮ್ಮೆಯಾದರೂ ನಷ್ಟವಿಲ್ಲ. ಇಷ್ಟದ ಚಿತ್ರಗೀತೆಯನ್ನು ಕಿವಿಯಿಂದ ಹುಡುಕಿ. ಭಾವಗೀತೆಗೆ ಎಡಗೈ ನೀವೇ ಕಟ್ಟಿ. ಪಿಯಾನೊ ಪರೀಕ್ಷೆಗಳ ವಿಷಯದಲ್ಲಿ ಮಾತ್ರ ನನಗೊಂದು ಆತಂಕವಿದೆ. ಟ್ರಿನಿಟಿ, ಎಬಿಆರ್‌ಎಸ್‌ಎಂ ಗ್ರೇಡ್‌ಗಳು ಒಳ್ಳೆಯ ಮೆಟ್ಟಿಲು. ಆದರೆ ಇಡೀ ವರ್ಷ ಪರೀಕ್ಷೆಯ ನಾಲ್ಕಾರು ರಚನೆಗಳನ್ನೇ ತಿದ್ದಿದ ಮಗುವಿಗೆ ನೆಂಟರ ಮನೆಯಲ್ಲಿ ‘ಏನಾದ್ರೂ ನುಡಿಸಪ್ಪ’ ಎಂದರೆ ಕೈಗೆ ಬೇರೇನೂ ಬರುವುದಿಲ್ಲ. ಮೇಷ್ಟ್ರನ್ನು ಗೊತ್ತುಮಾಡುವಾಗ ಸರ್ಟಿಫಿಕೇಟ್ ಎಷ್ಟು ದಿನಕ್ಕೆ ಎಂದು ಕೇಳುವ ಬದಲು, ಅವರ ಬಳಿ ಮರದ ಪಿಯಾನೊದಂತೆ ಭಾರದ ಕೀಗಳಿರುವ ವಾದ್ಯವಿದೆಯೇ, ತಾವೇ ನುಡಿಸಿ ತೋರಿಸುತ್ತಾರೆಯೇ ಎಂದು ನೋಡಿ. ಈಗಾಗಲೇ ಸ್ವಂತವಾಗಿ ಏನಾದರೂ ಕಲಿತಿದ್ದರೆ ಮೊದಲ ದಿನವೇ ಅದನ್ನು ಪೂರ್ತಿ ನುಡಿಸಿ. ಪುಸ್ತಕದ ಮೊದಲ ಪುಟ ತೆಗೆಯುವ ಮುಂಚೆ ನಿಮ್ಮ ಬೆರಳುಗಳನ್ನು ಕೊನೆಯವರೆಗೂ ಗಮನಿಸಿ, ‘ಇಲ್ಲಿ ಯಾಕೆ ಕೈ ಎತ್ತಿದಿರಿ?’ ಎಂದು ಕೇಳಿದವರ ಹತ್ತಿರ ಹೆಸರು ಬರೆಸಿ.