ಎತ್ತು ನಿಂತಲ್ಲೇ, ಜಾಲಿ ಓಡುತ್ತದೆ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಎತ್ತಿನ ಗಾಡಿ ಓಟದ ಶರ್ಯತ್ತು ನಡೆದರೆ ಮರುದಿನವೇ ಅದರ ವಿಡಿಯೊ ಮೊಬೈಲಿಗೆ ಬಂದಿರುತ್ತದೆ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಶರ್ಯತ್ತಿಗೆ ಅಡ್ಡಿಯಿಲ್ಲ ಎಂದ ಮೇಲಂತೂ ಕೇಳುವುದೇ ಬೇಡ. ಬೈಕಿನ ಹಿಂದೆ ಕೂತು, ಗಾಡಿಯ ಜೋಡಿಯೇ ಸಾಗುತ್ತ ತೆಗೆದ ವಿಡಿಯೊದಲ್ಲಿ ಖಿಲಾರಿ ಎತ್ತುಗಳು ಪರದೆಯ ನಡುವೆ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತವೆ. ಓಡುವುದು ಜಾಲಿಗಿಡ. ಹತ್ತಿರದ್ದು ಸರ್ರನೆ, ದೂರದ ದಿಬ್ಬ ನಿಧಾನಕ್ಕೆ.

ಸೇಗಾ ಕಂಪನಿಯ ವಿಡಿಯೊ ಗೇಮ್ ‘ಸೋನಿಕ್ ದಿ ಹೆಡ್ಜ್‌ಹಾಗ್’ (1991) ಮಾಡುವುದೂ ಇದೇ ಕಣ್ಕಟ್ಟು. ಮೊದಲ ಘಟ್ಟ ಗ್ರೀನ್ ಹಿಲ್‌ನಲ್ಲಿ ಮೋಡ, ಬೆಟ್ಟ, ನೀರು ಒಂದೊಂದೂ ಒಂದೊಂದು ವೇಗದಲ್ಲಿ ಹಿಂದೆ ಸರಿಯುತ್ತವೆ. ಹಾಗೆಂದು ವೇಗವೇ ಸುಳ್ಳಲ್ಲ. ಸೆಕೆಂಡಿಗೆ 60 ಫ್ರೇಮ್, ಸಮತಟ್ಟು ನೆಲದಲ್ಲಿ ಓಡುವಾಗ ಫ್ರೇಮಿಗೆ 6 ಪಿಕ್ಸೆಲ್: 320 ಪಿಕ್ಸೆಲ್ ಅಗಲದ ಪರದೆ ಒಂದು ಸೆಕೆಂಡಿನೊಳಗೇ ಮುಗಿಯಿತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಮಾರಿಯೋ ಎಷ್ಟೇ ಓಡಿದರೂ ಫ್ರೇಮಿಗೆ ಎರಡೂವರೆ ಪಿಕ್ಸೆಲ್.

ನನಗೆ ಮುಖ್ಯವಾಗಿ ಕಾಣುವ ಅಂಕಿ ಬೇರೆ. ಆಟದ ನಾಯಕ ಸೋನಿಕ್ ನಿಂತಲ್ಲಿಂದ ಆ 6ನ್ನು ಮುಟ್ಟಲು 128 ಫ್ರೇಮ್ ಬೇಕು, ಅಂದರೆ ಎರಡು ಸೆಕೆಂಡಿಗಿಂತ ಚೂರು ಹೆಚ್ಚು. ಇಂಥ ಆಟದಲ್ಲಿ ಅದು ಸಣ್ಣ ಹೊತ್ತಲ್ಲ. ಬಳೆಯಂತೆ ಮೇಲೆದ್ದು ಸುತ್ತುವ ದಾರಿಗೆ ಬಿರುಸಿಲ್ಲದೆ ನುಗ್ಗಿದರೆ ಅರ್ಧ ಏರಿ ಹಿಂದಕ್ಕೆ ಜಾರುತ್ತಾನೆ. ಹಿಂದೆ ಬಂದು, ಇಳಿಜಾರು ಹಿಡಿದು, ಮತ್ತೆ ಓಡಿಸಬೇಕು. ಮುಳ್ಳಿಗೆ ತಾಗಿದರಂತೂ ಗಳಿಸಿದ್ದೆಲ್ಲ ಹೋಯಿತು. ಕಷ್ಟಪಟ್ಟು ಕೂಡಿಸಿದ ವೇಗ, ಯಾವಾಗ ಬೇಕಾದರೂ ಕೈಬಿಡುವ ವೇಗ. ಅದಕ್ಕೇ ಆರು ಪಿಕ್ಸೆಲ್ಲು ಹತ್ತರಂತೆ ಅನ್ನಿಸುತ್ತದೆ. ಎರಡನೇ ಘಟ್ಟ ಮಾರ್ಬಲ್‌ನಲ್ಲಿ ಲಾವಾದ ಮೇಲೆ ತೇಲುವ ಕಲ್ಲು ಹತ್ತಿ ಸುಮ್ಮನೆ ಕಾಯಬೇಕು. ಅಲ್ಲಿ ಆಟ ಮುಗ್ಗರಿಸಿದೆ ಎಂದು ಬೈಯುವವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಕಾದವನಿಗೇ ಓಟದ ರುಚಿ.

ಮರುವರ್ಷದ ‘ಸೋನಿಕ್ 2’ ಈ ರುಚಿಯನ್ನೇ ಕೆಡಿಸಿತು. ಕೆಳಗಿನ ಗುಂಡಿ ಒತ್ತಿ ಹಿಡಿದು ಇನ್ನೊಂದನ್ನು ಟಕಟಕ ಬಡಿದರೆ ಸಾಕು, ನಿಂತಲ್ಲಿಂದಲೇ 8ರಿಂದ 12 ಪಿಕ್ಸೆಲ್‌ನಲ್ಲಿ ಚಿಮ್ಮುತ್ತಾನೆ. ಲೆಕ್ಕಕ್ಕೆ ವೇಗ ದುಪ್ಪಟ್ಟಿನವರೆಗೆ. ಆಡುವ ಕೈಗೆ ಮಾತ್ರ ಅದು ಪುಕ್ಕಟೆ ಸಿಕ್ಕ ಸರಕು. ನಿಂತರೇನು, ಬಿದ್ದರೇನು, ಮತ್ತೆ ಬಡಿದರಾಯಿತು.

ಈಗ ಮಕ್ಕಳ ಮೊಬೈಲಿನಲ್ಲಿರುವ ‘ಸಬ್‌ವೇ ಸರ್ಫರ್ಸ್’ (2012) ಇನ್ನೂ ಒಂದು ಹೆಜ್ಜೆ ಮುಂದೆ. ಓಡುವ ತೀರ್ಮಾನವೇ ಆಡುವವನದಲ್ಲ. ಹುಡುಗ ತಾನೇ ಓಡುತ್ತಾನೆ, ವೇಗ ತಾನೇ ಏರುತ್ತದೆ. ಅದನ್ನು ಬಿಡದೆ ಆಡುವವರನ್ನು ಹಿಡಿದು ಕೂರಿಸಿರುವುದು ವೇಗವಲ್ಲ, ನಿನ್ನೆಯ ಅಂಕ ಮೀರಬೇಕೆಂಬ ಹಟ ಎಂದು ನನ್ನ ಗುಮಾನಿ.