ದಾರಿ ತಪ್ಪುವ ಸುಖ

ಒಬ್ಬರೇ ಕೂತು ಆಡುವ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಬದುಕಿನಲ್ಲಿ ಇಲ್ಲದ ಬಲ ಅಲ್ಲಿ ಸಿಗುತ್ತದೆ; ಕತ್ತಿ ಬೀಸಬಹುದು, ಮಂತ್ರ ಹಾಕಬಹುದು, ಲೋಕವನ್ನೇ ಕಾಪಾಡಬಹುದು. ಈ ಉತ್ತರ ನನಗೆ ಸಾಲದು. ಬಲವೊಂದೇ ಬೇಕಿದ್ದವರಿಗೆ ಅದನ್ನು ಹತ್ತೇ ನಿಮಿಷದಲ್ಲಿ ಕೊಡುವ ಆಟಗಳು ಬೇಕಾದಷ್ಟಿವೆ. ಈ ಪ್ರಕಾರದ ಆಟಗಳು ಆಡುವವರನ್ನು ನೂರಾರು ಗಂಟೆ ಹಿಡಿದಿಡುವುದು ಬೇರೊಂದು ಕಾರಣಕ್ಕೆ. ನಮ್ಮ ಹಂಗಿಲ್ಲದೆ ನಡೆದುಕೊಂಡು ಬಂದಿರುವ ಲೋಕವೊಂದಕ್ಕೆ ಗುರುತುಪರಿಚಯವಿಲ್ಲದವರಾಗಿ ಕಾಲಿಟ್ಟು, ಕೇಳುತ್ತಾ, ಓದುತ್ತಾ, ಅಲೆಯುತ್ತಾ ಅಲ್ಲಿಯವರಾಗುವುದೇ ಅವುಗಳ ನಿಜವಾದ ಸುಖ. ಬೆಥೆಸ್ಡಾ ಕಂಪನಿಯ ‘ಎಲ್ಡರ್ ಸ್ಕ್ರೋಲ್ಸ್’ ಸರಣಿ ಈ ಸುಖವನ್ನು ತುಂಬು ಕೈಯಿಂದ ಕೊಟ್ಟಿತು. ಆಮೇಲೆ ಅದನ್ನೇ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಟ್ಟಿತು ಎಂಬುದು ನನ್ನ ವಾದ.

ಈ ಪರಂಪರೆಯ ಬೇರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿದೆ. ಗೆಳೆಯರು ಮೇಜಿನ ಸುತ್ತ ಸೇರುತ್ತಿದ್ದರು. ಒಬ್ಬರು ಕಥೆ ನಡೆಸುತ್ತಿದ್ದರು, ಉಳಿದವರು ಪಾತ್ರಗಳಾಗುತ್ತಿದ್ದರು, ಸೋಲುಗೆಲುವನ್ನು ದಾಳ ತೀರ್ಮಾನಿಸುತ್ತಿತ್ತು. ಆಟ ಕಂಪ್ಯೂಟರಿಗೆ ಬಂದಾಗ ಕಥೆ ನಡೆಸುವ ಮನುಷ್ಯರ ಜಾಗ ಖಾಲಿಯಾಯಿತು. ಅದನ್ನು ತುಂಬಲು ಎರಡು ದಾರಿಗಳು ಹುಟ್ಟಿದವು. ಒಂದು ಬರವಣಿಗೆಯನ್ನು ನೆಚ್ಚಿತು: 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಿಂದ 2023ರ ‘ಬಾಲ್ಡರ್ಸ್ ಗೇಟ್ 3’ರವರೆಗೆ ಮಾತು, ಆಯ್ಕೆ, ಆಯ್ಕೆಯ ಪರಿಣಾಮಗಳೇ ಅಲ್ಲಿ ಜೀವಾಳ. ಇನ್ನೊಂದು ನೆಲವನ್ನು ನೆಚ್ಚಿತು: ಒಂದು ನಾಡನ್ನು ಕಟ್ಟಿ, ಆಡುವವರನ್ನು ಅದರೊಳಗೆ ಅವರ ಪಾಡಿಗೆ ಬಿಡುವುದು. ಎಲ್ಡರ್ ಸ್ಕ್ರೋಲ್ಸ್ ಈ ಎರಡನೆಯ ದಾರಿಯದು.

1994ರ ‘ಅರೀನಾ’ ಮತ್ತು 1996ರ ‘ಡ್ಯಾಗರ್‌ಫಾಲ್’ ವಿಸ್ತಾರದ ಬೆನ್ನು ಹತ್ತಿದವು. ಡ್ಯಾಗರ್‌ಫಾಲ್‌ನ ನೆಲ ಬಹುಮಟ್ಟಿಗೆ ಕಂಪ್ಯೂಟರೇ ಹೆಣೆದದ್ದು. ಸಾವಿರಾರು ಊರುಗಳಿದ್ದರೂ ಅವುಗಳ ಮುಖಚಹರೆ ಹೆಚ್ಚು ಬೇರೆಯಾಗಿರಲಿಲ್ಲ. 2002ರ ‘ಮೊರೊವಿಂಡ್’ ಇದರಿಂದ ಸರಿಯಾದ ಪಾಠ ಕಲಿಯಿತು. ವಾರ್ಡೆನ್‌ಫೆಲ್ ಎಂಬ ಒಂದೇ ದ್ವೀಪಕ್ಕೆ ತನ್ನನ್ನು ಕುಗ್ಗಿಸಿಕೊಂಡು, ಗುಡ್ಡ, ಗವಿ, ಮನೆ, ಮನೆಯೊಳಗಿನ ಪಾತ್ರೆಯನ್ನೂ ಕೈಯಿಂದಲೇ ಜೋಡಿಸಿತು.

ಮೊರೊವಿಂಡ್‌ನಲ್ಲಿ ನಾವು ಸೇಡಾ ನೀನ್ ಎಂಬ ಸಣ್ಣ ಬಂದರಿನಲ್ಲಿ ಹಡಗಿನಿಂದ ಇಳಿಯುವ ಕೈದಿ. ಬಾಲ್ಮೊರಾ ಊರಿನ ಕೈಯಸ್ ಕೊಸೇಡಿಸ್ ಎಂಬಾತನಿಗೆ ಒಂದು ಪೊಟ್ಟಣ ತಲುಪಿಸಬೇಕು. ಮ್ಯಾಪಿನ ಮೇಲೆ ದಾರಿ ತೋರಿಸುವ ಬಾಣವಿಲ್ಲ. ಹೊಸ ಊರಿಗೆ ವರ್ಗವಾಗಿ ಬಂದವರು ಅಂಗಡಿಯವರನ್ನು ಕೇಳಿಕೊಂಡು ವಿಳಾಸ ಹುಡುಕುವಂತೆ ಸಿಕ್ಕವರನ್ನು ಕೇಳಬೇಕು. ಅವರು ಹೇಳಿದ ಸೇತುವೆ, ಕವಲುದಾರಿಗಳನ್ನು ನೆನಪಿಟ್ಟುಕೊಂಡು ನಡೆಯಬೇಕು. ದಾರಿ ತಪ್ಪುತ್ತದೆ. ತಪ್ಪಿದಲ್ಲೇ ಒಂದು ಗವಿಯೋ, ಒಂದು ಸಮಾಧಿಯೋ, ಯಾವುದೋ ಸಂಕಟದಲ್ಲಿರುವ ಮನುಷ್ಯನೋ ಎದುರಾಗಿ ಆಟ ನಮ್ಮದಾಗುತ್ತದೆ. ಊರಿಂದೂರಿಗೆ ಹೋಗಲು ಜೀವಂತ ದೈತ್ಯ ಕೀಟದ ಚಿಪ್ಪು ಕೊರೆದು ಮಾಡಿದ ವಾಹನವಿದೆ. ಟೆಲ್ವಾನಿ ಮಾಂತ್ರಿಕರ ಅಣಬೆ ಗೋಪುರಗಳಲ್ಲಿ ಮೇಲಂತಸ್ತಿಗೆ ಮೆಟ್ಟಿಲೇ ಇಲ್ಲ. ಹಾರಲು ಬಾರದವರಿಗೆ ಮೇಲೇನು ಕೆಲಸ ಎಂಬುದು ಅವರ ಧೋರಣೆ, ಆಟ ನಮಗಾಗಿ ಅದನ್ನು ಸಡಿಲಿಸುವುದಿಲ್ಲ. ಸ್ಥಳೀಯರು ನಮ್ಮನ್ನು ಪರದೇಶಿ ಎಂದೇ ಕರೆಯುತ್ತಾರೆ.

ಇದಕ್ಕಿಂತ ದೊಡ್ಡದು ಅದರ ಇತಿಹಾಸಪ್ರಜ್ಞೆ. ನೆರೆವಾರ್ ಎಂಬ ಪುರಾತನ ವೀರ ಹೇಗೆ ಸತ್ತ ಎಂಬುದಕ್ಕೆ ದೇವಾಲಯದ ಪುಸ್ತಕಗಳು ಒಂದು ಕಥೆ ಹೇಳುತ್ತವೆ, ಬುಡಕಟ್ಟಿನವರು ಇನ್ನೊಂದು ಹೇಳುತ್ತಾರೆ. ಆಟ ತೀರ್ಪು ಕೊಡುವುದಿಲ್ಲ. ನಾವು ನಿಜಕ್ಕೂ ಆ ವೀರನ ಪುನರ್ಜನ್ಮವೋ, ಆ ಪಾತ್ರಕ್ಕೆ ದ್ವೀಪವನ್ನಾಳುವ ಸಾಮ್ರಾಜ್ಯ ಆರಿಸಿ ಕಳಿಸಿದ ಆಳೋ ಎಂಬ ಅನುಮಾನ ಕೊನೆಯವರೆಗೂ ಉಳಿಯುತ್ತದೆ. ಒಂಟಿಯಾಗಿ ಆಡುವುದರ ಬೆಲೆ ಗೊತ್ತಾಗುವುದು ಇಲ್ಲೇ. ಜೊತೆಗಾರರು ಅವಸರಪಡಿಸುವುದಿಲ್ಲ, ಸ್ಪರ್ಧೆಯಿಲ್ಲ. ಯುದ್ಧವನ್ನು ಬದಿಗಿಟ್ಟು ಒಂದು ಸಂಜೆಯೆಲ್ಲ ಅಲ್ಲಿನ ಪುಸ್ತಕದಂಗಡಿಯಲ್ಲಿ ಓದುತ್ತಾ ಕಳೆದರೂ ಅದು ಆಟವೇ.

ಮೊರೊವಿಂಡ್‌ನ ಕೊರತೆಗಳು ಸಣ್ಣವಲ್ಲ. ಕತ್ತಿ ಎದುರಾಳಿಗೆ ತಾಗಿದ್ದು ಕಣ್ಣಿಗೆ ಕಂಡರೂ ಒಳಗಿನ ದಾಳದ ಲೆಕ್ಕ ಏಟು ತಪ್ಪಿತು ಎನ್ನುತ್ತದೆ. ಜನ ಹಗಲೂ ರಾತ್ರಿ ನಿಂತಲ್ಲೇ ನಿಂತಿರುತ್ತಾರೆ. ಹತ್ತು ಬಾಯಲ್ಲಿ ಒಂದೇ ಮಾತು. 2006ರ ‘ಆಬ್ಲಿವಿಯನ್’ ಇವನ್ನು ತಿದ್ದಿತು. ಅಲ್ಲಿಯ ಜನ ಉಣ್ಣುತ್ತಾರೆ, ಮಲಗುತ್ತಾರೆ, ಅಂಗಡಿ ತೆರೆಯುತ್ತಾರೆ. ಎಲ್ಲರಿಗೂ ದನಿ ಬಂತು. ಆದರೆ ಪ್ರತಿ ಮಾತನ್ನೂ ನಟರಿಂದ ಹೇಳಿಸಬೇಕಾದಾಗ ಉದ್ದನೆಯ ವಿವರಣೆಗೆ ಎಡೆಯಿರುವುದಿಲ್ಲ. ದಾರಿ ಹೇಳುವ ಕೆಲಸ ಪರದೆಯ ದಿಕ್ಸೂಚಿಗೆ ಹೋಯಿತು. ನಮ್ಮ ಲೆವೆಲ್ ಏರಿದಂತೆ ಶತ್ರುಗಳೂ ಏರುವ ವ್ಯವಸ್ಥೆ ಇನ್ನೂ ಆಳದ ಏಟು. ದಾರಿಗಳ್ಳರ ಮೈಮೇಲೂ ಅತಿ ದುಬಾರಿ ಕವಚ ಬಂದಾಗ, ಇಡೀ ನಾಡು ನಮ್ಮನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ ಎಂದು ತಿಳಿದುಬಿಡುತ್ತದೆ. ಲೋಕದ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು.

2011ರ ನವೆಂಬರ್ 11ರಂದು ಬಂದ, ಟಾಡ್ ಹೋವರ್ಡ್ ನಿರ್ದೇಶನದ ‘ಸ್ಕೈರಿಮ್’ ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರ ಭೂದೃಶ್ಯಕ್ಕೆ ನಾನು ಮನಸೋತಿದ್ದೇನೆ. ಒಂದು ಕೆಲಸಕ್ಕೆಂದು ಹೊರಟವರು ಬೆಟ್ಟದ ಮೇಲಿನ ಪಾಳುಗೋಪುರ ಕಂಡು ದಾರಿ ಬಿಡುತ್ತಾರೆ, ಹಳೆಯ ಸುಖ ಅಷ್ಟರಮಟ್ಟಿಗೆ ಉಳಿದಿದೆ. ವಿಂಡ್‌ಹೆಲ್ಮ್ ನಗರದ ಕೊಳಕು ಕೇರಿಯಲ್ಲಿ ಮೊರೊವಿಂಡ್ ನಾಡಿನಿಂದ ಬಂದ ನಿರಾಶ್ರಿತರು ಅವಮಾನ ನುಂಗಿ ಬದುಕುತ್ತಿರುತ್ತಾರೆ. ಸ್ಕೈರಿಮ್‌ನ ಒಳ್ಳೆಯ ಬರವಣಿಗೆ ಇಂಥ ಕಡೆ ಇದೆ, ನಾವು ಸರಿಪಡಿಸಲಾಗದ ಸಂಗತಿಗಳಲ್ಲಿ. ಮುಖ್ಯ ಕಥೆಯಲ್ಲಾದರೋ ಮೊದಲ ಡ್ರ್ಯಾಗನ್ ಬೀಳುತ್ತಿದ್ದಂತೆ ನಾವು ಅವತಾರಪುರುಷರು. ನಾಲ್ಕು ಮಂತ್ರ ಬಲ್ಲವರೂ ಮಾಂತ್ರಿಕರ ಕಾಲೇಜಿಗೆ ಮುಖ್ಯಸ್ಥರಾಗಬಹುದು. ಕಥೆಗೆ ಬೇಕಾದ ಎಷ್ಟೋ ಪಾತ್ರಗಳು ಏಟು ತಿಂದು ಮಂಡಿಯೂರಿ, ಮತ್ತೆ ಎದ್ದು ನಿಲ್ಲುತ್ತವೆ. ಮೊರೊವಿಂಡ್‌ನಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. ಸತ್ತವನು ಮುಖ್ಯನಾಗಿದ್ದರೆ ಭವಿಷ್ಯವಾಣಿಯ ಎಳೆ ಕಡಿಯಿತೆಂದು ತಿಳಿಸಿ, ಆ ಕೆಟ್ಟ ಲೋಕದಲ್ಲೇ ಮುಂದುವರಿಯಲು ಆಟ ಬಿಡುತ್ತಿತ್ತು. ತಪ್ಪಿನ ಹೊಣೆ ನಮಗೇ ಉಳಿಯುತ್ತಿತ್ತು.

ಕೋಟಿಗಟ್ಟಲೆ ಜನರನ್ನು ತಲುಪಲು ಈ ಸಲೀಸು ಅನಿವಾರ್ಯವಾಗಿತ್ತು ಎಂಬ ಸಮರ್ಥನೆಯಿದೆ. 2022ರಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ‘ಎಲ್ಡನ್ ರಿಂಗ್’ ಅದನ್ನು ಅಲ್ಲಗಳೆಯಿತು. ಮಾಡಬೇಕಾದ ಕೆಲಸಗಳ ಪಟ್ಟಿಯೇ ಇಲ್ಲದ, ಅರ್ಧ ಹೇಳಿ ಅರ್ಧ ಬಿಡುವ ಆ ಕಠಿಣ ಆಟ ಒಂದೇ ವರ್ಷದಲ್ಲಿ ಎರಡು ಕೋಟಿ ಪ್ರತಿ ದಾಟಿತು. ಇತ್ತ ‘ಟ್ಯಾಮ್ರಿಯಲ್ ರೀಬಿಲ್ಟ್’ ಎಂಬ ಹವ್ಯಾಸಿಗಳ ತಂಡ ಮೊರೊವಿಂಡ್‌ನ ಮೂಲ ಆಟದಲ್ಲಿಲ್ಲದ ಮುಖ್ಯ ಭೂಭಾಗವನ್ನು ಎರಡು ದಶಕಗಳಿಂದ ಕಟ್ಟುತ್ತಲೇ ಇದೆ. ಹಣಕ್ಕಲ್ಲದೆ ಇಷ್ಟು ಕಾಲ ದುಡಿಸುವ ಪ್ರೀತಿ ಬರೀ ಬಲದ ಆಸೆಯಿಂದ ಹುಟ್ಟಲಾರದು.

ಸರಣಿಯ ಆರನೆಯ ಆಟವನ್ನು 2018ರಲ್ಲೇ ಘೋಷಿಸಲಾಗಿದೆ. ಅದು ಬಂದಾಗ ಮ್ಯಾಪ್ ಎಷ್ಟು ದೊಡ್ಡದು, ಹುಲ್ಲು ಎಷ್ಟು ನೈಜ ಎಂಬ ಚರ್ಚೆ ಜೋರಾಗಿಯೇ ನಡೆಯುತ್ತದೆ. ನಾನು ಅದಕ್ಕೆ ಕೇಳುವ ಪ್ರಶ್ನೆಗಳು ಬೇರೆ: ಅಲ್ಲಿಯ ಜನ ನನಗೆ ದಾರಿ ಹೇಳಬಲ್ಲರೇ? ನನಗೆ ತೆರೆಯದ ಬಾಗಿಲುಗಳು ಅಲ್ಲಿವೆಯೇ? ನನ್ನ ತಪ್ಪನ್ನು ಅದು ನನ್ನ ಪಾಲಿಗೇ ಬಿಡುತ್ತದೆಯೇ? ಆಡುವವರ ಬುದ್ಧಿ ಮತ್ತು ತಾಳ್ಮೆಯನ್ನು ನಂಬುವ ಧೈರ್ಯ ಬೆಥೆಸ್ಡಾಗೆ 2002ರಲ್ಲಿತ್ತು. ಆ ನಂಬಿಕೆ ಮರಳದಿದ್ದರೆ ಆರನೆಯ ಆಟ ಎಷ್ಟೇ ಸುಂದರವಾಗಿದ್ದರೂ ಈ ಪರಂಪರೆಗೆ ಏನನ್ನೂ ಸೇರಿಸಲಾರದು.