ವಾದ್ಯದಾನವೂ ಯಾಚಿತಕವೂ

ಸಂಗೀತಪೋಷಣೆಯನ್ನು ಕುರಿತು ಬರೆಯುವವರು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುವರು. ನಮ್ಮ ಅರಸರು ವಿದ್ವಾಂಸರಿಗೆ ಕೊಟ್ಟುದೆಲ್ಲವೂ ದಾನವೆಂಬುದು ಒಂದು. ಅಪೂರ್ವವಾದ ಹಳೆಯ ತಂತೀವಾದ್ಯದ ಒಡೆತನವನ್ನು ತನ್ನಲ್ಲಿಯೇ ಇಟ್ಟುಕೊಂಡು, ಪ್ರತಿಭಾವಂತನಾದ ವಾದಕನಿಗೆ ನುಡಿಸುವುದಕ್ಕೆ ಮಾತ್ರ ಕೊಡುವ ಪದ್ಧತಿಯು ಪಾಶ್ಚಾತ್ಯರದು, ನಮ್ಮ ಧರ್ಮಕ್ಕೆ ಅಪರಿಚಿತವಾದುದು ಎಂಬುದು ಮತ್ತೊಂದು. ಇವೆರಡೂ ವಿಚಾರಕ್ಕೆ ನಿಲ್ಲತಕ್ಕವುಗಳೇ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶವು.

ಮೊದಲು ಧರ್ಮಶಾಸ್ತ್ರವನ್ನು ನೋಡೋಣ. ತನ್ನ ಸ್ವತ್ವವನ್ನು ಬಿಟ್ಟು ಪರನ ಸ್ವತ್ವವನ್ನುಂಟುಮಾಡುವುದು ದಾನವು. ಇದಕ್ಕಿಂತ ಭಿನ್ನವಾಗಿ, ಸ್ವತ್ವವು ಒಡೆಯನಲ್ಲಿಯೇ ಉಳಿದು ವಸ್ತುವು ಮಾತ್ರ ಅನ್ಯನ ಕೈಯಲ್ಲಿರುವ ಪ್ರಕಾರಗಳೂ ಉಂಟು. ಯಾಜ್ಞವಲ್ಕ್ಯಸ್ಮೃತಿಯ ಉಪನಿಧಿಪ್ರಕರಣದಲ್ಲಿ ಯಾಚಿತ, ಅನ್ವಾಹಿತ, ನ್ಯಾಸ, ನಿಕ್ಷೇಪಗಳೆಂದು ಎಣಿಸಿರುವುವು ಇವೇ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ವಿವಾಹಾದಿ ಉತ್ಸವಗಳಿಗಾಗಿ ಬೇಡಿ ತಂದ ವಸ್ತ್ರ, ಅಲಂಕಾರ ಮೊದಲಾದವು ಯಾಚಿತವೆಂದು ವಿವರಿಸಿರುವನು. ಅಲ್ಲಿ ವೀಣೆಯ ಹೆಸರಿಲ್ಲವೆಂಬುದು ನಿಜ, ಆದರೆ ಆದಿಶಬ್ದವಿದೆ. ಉತ್ಸವದಲ್ಲಿ ಮೆರೆಸುವುದಕ್ಕಾಗಿ ಬೇಡಿ ತಂದು ಮರಳಿ ಕೊಡಬೇಕಾದ ವಸ್ತುವೇ ಯಾಚಿತವಾದರೆ, ಸಭೆಯಲ್ಲಿ ನುಡಿಸುವುದಕ್ಕಾಗಿ ಬೇಡಿ ತಂದ ವೀಣೆಯನ್ನು ಆ ಕೋಟಿಯಿಂದ ಹೊರಗಿಡಲು ಕಾರಣವು ಕಾಣುವುದಿಲ್ಲ. ಆದುದರಿಂದ ಈ ಪದ್ಧತಿಯು ನಮ್ಮ ಧರ್ಮಕ್ಕೆ ಅಪರಿಚಿತವೆಂಬ ಮಾತು ನಿಲ್ಲದು.

ಹಾಗಾದರೆ ನಮ್ಮಲ್ಲಿ ಇದು ಏಕೆ ಬೆಳೆಯಲಿಲ್ಲ? ಇದಕ್ಕೆ ಉತ್ತರವನ್ನು ಧರ್ಮಶಾಸ್ತ್ರದಲ್ಲಿಯಲ್ಲ, ಸಂಗೀತಶಾಸ್ತ್ರದಲ್ಲಿ ಹುಡುಕಬೇಕು. ವಿಜಯನಗರದ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ಸ್ವರಮೇಲಕಲಾನಿಧಿಯ ವೀಣಾಪ್ರಕರಣದಲ್ಲಿ ಶುದ್ಧಮೇಲವೀಣೆ, ಮಧ್ಯಮೇಲವೀಣೆ, ಅಚ್ಯುತರಾಜೇಂದ್ರಮೇಲವೀಣೆ ಎಂದು ಮೂರು ವೀಣೆಗಳನ್ನು ಹೇಳಿರುವುದು. ಮೂರನೆಯದರಲ್ಲಿ 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯನ ಹೆಸರು ನಿಂತಿದೆ. ತಂಜಾವೂರಿನಲ್ಲಿ ರಘುನಾಥನಾಯಕನ ಹೆಸರಿನ ವೀಣೆಯೂ ಹೀಗೆಯೇ ಪ್ರಸಿದ್ಧವಾಯಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ಹೆಸರುಗಳು ಜಾತಿವಾಚಕಗಳು, ವ್ಯಕ್ತಿವಾಚಕಗಳಲ್ಲ. ಅಚ್ಯುತರಾಜೇಂದ್ರಮೇಲವೀಣೆಯೆಂದರೆ ಅರಮನೆಯ ಒಂದು ಕೋಣೆಯಲ್ಲಿದ್ದ ಒಂದು ವೀಣೆಯಲ್ಲ. ಆ ಕ್ರಮದಲ್ಲಿ ತಂತಿಗಳನ್ನು ಕೂಡಿಸಿದ ವೀಣೆಯೆಲ್ಲವೂ ಅದೇ. ದೊರೆಯು ಅಂಕಿತವಿಟ್ಟುದು ಕ್ರಮಕ್ಕೆ. ಕ್ರಮವನ್ನು ಯಾರೂ ಎರವಲು ತರಬೇಕಾಗಿಲ್ಲ, ಕಲಿತರೆ ಸಾಕು.

ಪಾಶ್ಚಾತ್ಯರ ಪಿಟೀಲುಗಳ ವಿಷಯವು ಇದಕ್ಕೆ ವಿಪರೀತವಾದುದು. ಕ್ರೆಮೋನಾ ನಗರದ ಸ್ಟ್ರಾಡಿವಾರಿಯು (1644–1737) ಮಾಡಿದ ವಾದ್ಯಗಳಿಗೆ ಒಂದೊಂದಕ್ಕೂ ಪ್ರತ್ಯೇಕವಾಗಿ ವ್ಯಕ್ತಿನಾಮವಿದೆ. ಬೆಲೆಯು ಜಾತಿಗಲ್ಲ, ವ್ಯಕ್ತಿಗೆ. ಲೇಡಿ ಬ್ಲಂಟ್ ಎಂಬ 1721ರ ಪಿಟೀಲು 2011ರಲ್ಲಿ ಸುಮಾರು 1 ಕೋಟಿ 59 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಇಷ್ಟು ಹಣವನ್ನು ತೆತ್ತು ಕೊಳ್ಳಬಲ್ಲ ವಾದಕನು ವಿರಳನು. ಆದುದರಿಂದಲೇ ಅಲ್ಲಿ ಯಾಚಿತಕವು ಬೆಳೆಯಿತು. ಪಗನೀನಿಯ ಬಳಿಯಲ್ಲಿದ್ದ ನಾಲ್ಕು ಸ್ಟ್ರಾಡಿವಾರಿ ವಾದ್ಯಗಳನ್ನು ಜಪಾನಿನ ನಿಪ್ಪಾನ್ ಸಂಗೀತಪ್ರತಿಷ್ಠಾನವು 1994ರಲ್ಲಿ ಪಡೆದು, ಮರುವರ್ಷದಿಂದ 2013ರವರೆಗೆ ಟೋಕಿಯೋ ಚತುರ್ವಾದಕಮಂಡಲಿಗೆ ನುಡಿಸಲು ಕೊಟ್ಟಿದ್ದಿತು. ಅದೇ ಪ್ರತಿಷ್ಠಾನವು ಲೇಡಿ ಬ್ಲಂಟನ್ನು ಮಾರಿ, ಆ ಹಣವನ್ನು 2011ರ ಭೂಕಂಪಸಂತ್ರಸ್ತರಿಗೆ ಕೊಟ್ಟಿತು. ಕಾರ್ಯವು ಶ್ಲಾಘ್ಯವೇ, ಆದರೆ ಸ್ವತ್ವವು ಎಲ್ಲಿ ಉಳಿದಿರುವುದೆಂಬುದು ಇದರಿಂದ ಸ್ಪಷ್ಟವಾಗುವುದು.

ಹಳೆಯ ವಾದ್ಯಕ್ಕೆ ಇಷ್ಟು ಮಹಿಮೆಯುಂಟೇ ಎಂಬ ಪ್ರಶ್ನೆಯೂ ಇದೆ. 2010ರಲ್ಲಿ ಅಮೆರಿಕೆಯ ಇಂಡಿಯಾನಾಪೊಲಿಸ್ ನಗರದಲ್ಲಿ 21 ಮಂದಿ ವಾದಕರ ಕಣ್ಣಿಗೆ ಕಪ್ಪು ಕನ್ನಡಕವನ್ನು ಹಾಕಿ, ಮೂರು ಹಳೆಯ ಮತ್ತು ಮೂರು ಹೊಸ ಪಿಟೀಲುಗಳನ್ನು ನುಡಿಸಲು ಕೊಟ್ಟರು. ತಮಗೆ ಬೇಕಾದುದೊಂದನ್ನು ಆರಿಸಿರೆಂದಾಗ ಹೆಚ್ಚಿನವರು ಹೊಸದನ್ನೇ ಆರಿಸಿದರು. ಪ್ರಾಚೀನತೆಯೇ ಗುಣವೆಂದು ಹೇಳುವವರು ಇದನ್ನು ಮರೆಯಲಾಗದು. ನಮ್ಮ ವೀಣೆಯಲ್ಲಂತೂ ತಂತಿಯು ಹೊಸದಾಗುವುದು; 24 ಮೆಟ್ಟಿಲುಗಳನ್ನು ನಿಲ್ಲಿಸಿದ ಮೇಣವನ್ನು ಕಾಲಕಾಲಕ್ಕೆ ಮತ್ತೆ ಕೂಡಿಸಬೇಕು; ಸವೆದ ಕುದುರೆಯನ್ನು ಸರಿಪಡಿಸಬೇಕು. ಹಳೆಯದಾಗಿ ಉಳಿಯುವುದು ಮರವೊಂದೇ. ಸ್ವರವು ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಸಾಧಿಸಬೇಕಾದುದು.

ಮೈಸೂರಿನ ವೀಣೆ ಶೇಷಣ್ಣನವರನ್ನು (1852–1926) ಕುರಿತ ಒಂದು ಐತಿಹ್ಯವು ಪ್ರಸಿದ್ಧವಾಗಿದೆ. ಬರೋಡೆಯಲ್ಲಿ ಅವರಿಗೆ ಪಲ್ಲಕ್ಕಿಯ ಮರ್ಯಾದೆಯಾದಾಗ, ಅವರು ವೀಣೆಯನ್ನು ಪಲ್ಲಕ್ಕಿಯೊಳಗಿಟ್ಟು ತಾವು ಕಾಲ್ನಡೆಯಾಗಿ ಹೋದರಂತೆ. ತಮ್ಮ ದೊರೆಯ ಎದುರಿಗೆ ಸಲ್ಲದ ಮರ್ಯಾದೆಯನ್ನು ಪರಸ್ಥಳದಲ್ಲಿ ಸ್ವೀಕರಿಸದಿದ್ದ ಸ್ವಾಮಿಭಕ್ತಿಯೆಂದು ಇದನ್ನು ವ್ಯಾಖ್ಯಾನಿಸುವರು. ಅದು ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವ್ಯಾಖ್ಯಾನವು ಅಪೂರ್ಣವು. ಪಲ್ಲಕ್ಕಿಯನ್ನು ಬರಿದಾಗಿ ಕಳುಹಿಸಿದ್ದರೂ ಸ್ವಾಮಿಭಕ್ತಿಯು ಸಿದ್ಧಿಸುತ್ತಿದ್ದಿತು. ವೀಣೆಯನ್ನು ಇಟ್ಟುದರಿಂದ, ಮರ್ಯಾದೆಗೆ ಪಾತ್ರವು ವಿದ್ಯೆ, ತಾನು ಅದರ ವಾಹಕನೆಂಬ ಅರ್ಥವೂ ಧ್ವನಿತವಾಗುವುದು. ತನ್ನ ವೀಣೆಯನ್ನೇ ತನ್ನದಲ್ಲವೆಂಬಂತೆ ಕಾಣುವ ಈ ಭಾವವೇ ಯಾಚಿತಕದ ಪ್ರಾಣವು.

ಇನ್ನು ಒಂದು ಪೂರ್ವಪಕ್ಷವಿದೆ. ಉಪನಿಧಿಯನ್ನು ಸ್ವೇಚ್ಛೆಯಿಂದ ಬಳಸಿ ಜೀವಿಸುವವನು ದಂಡ್ಯನೆಂದು ಸ್ಮೃತಿಯು ಹೇಳಿ, ಅದೇ ವಿಧಿಯನ್ನು ಯಾಚಿತಕ್ಕೂ ಅತಿದೇಶಿಸಿರುವುದರಿಂದ, ಎರವಲು ವೀಣೆಯಿಂದ ಜೀವಿಸುವ ವೈಣಿಕನೂ ದಂಡ್ಯನಾಗಬೇಕಲ್ಲವೇ ಎಂದರೆ, ಹಾಗಲ್ಲ. ಅನುಮತಿಯಿಂದಾದ ಬಳಕೆಯು ಸ್ವೇಚ್ಛೆಯಲ್ಲ. ನಿಕ್ಷೇಪದಲ್ಲಿ ಬಳಕೆಯೇ ದೋಷವು. ವಾದ್ಯದಲ್ಲಿ ಬಳಸದಿರುವುದೇ ದೋಷವು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿರುವ ಮೆಸ್ಸಾಯ ಎಂಬ 1716ರ ಪಿಟೀಲು ಹೊಸದರಂತೆಯೇ ಹೊಳೆಯುತ್ತಿದೆ. ಆದರೆ ಅದನ್ನು ನುಡಿಸುವವರಿಲ್ಲ. ಜಿನೋವಾ ನಗರವು ಪಗನೀನಿಯು ತನಗೆ ಬಿಟ್ಟುಹೋದ 1743ರ ಪಿಟೀಲನ್ನು ಸ್ಪರ್ಧೆಯಲ್ಲಿ ಗೆದ್ದವನ ಕೈಗೆ ಕೊಟ್ಟು ನುಡಿಸುವುದು. ಇವೆರಡರಲ್ಲಿ ಯಾವುದು ರಕ್ಷಣೆಯೆಂಬುದನ್ನು ವಿದ್ವಾಂಸರೇ ನಿರ್ಣಯಿಸಬೇಕು.

ಈ ವಿಚಾರವು ದೂರದ್ದಲ್ಲ. ನಮ್ಮ ತಡಸದ ಸೀಮೆಗೆ ಸಮೀಪವಾದ ಕುಂದಗೋಳವು ಸವಾಯಿ ಗಂಧರ್ವರ (1886–1952) ಊರು. ಮಿರಜೆಯ ತಂಬೂರಿಗಳು ಈ ನಾಡಿನ ಮನೆಮನೆಗೂ ಬಂದಿರುವುವು. ಪರಸ್ಥಳದಿಂದ ಬಂದ ಗಾಯಕನಿಗೆ ಮನೆಯ ತಂಬೂರಿಯನ್ನು ಒಂದು ರಾತ್ರಿಯ ಮಟ್ಟಿಗೆ ಕೊಡುವುದು ಇಲ್ಲಿಯ ರೂಢಿಯು. ಇದೇ ನಮ್ಮ ಯಾಚಿತಕವು. ಆದರೆ ಒಂದು ಮಠದಲ್ಲಿ ನಾವು ಬಾಲ್ಯದಲ್ಲಿ ಕೇಳಿದ್ದ ತಂಬೂರಿಯನ್ನು ಇತ್ತೀಚೆಗೆ ನೋಡಿದಾಗ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದಿತು. ಕುಂಬಳವನ್ನು ಹುಳವು ಕೊರೆದಿದ್ದಿತು. ಒಡೆದರೆ ಯಾರು ಹೊಣೆಯೆಂಬ ಅಂಜಿಕೆಯಿಂದ ಯಾರಿಗೂ ಕೊಡಲಿಲ್ಲವಂತೆ.

ಆ ಅಂಜಿಕೆಗೆ ಉತ್ತರವು ಅದೇ ಸ್ಮೃತಿಯಲ್ಲಿದೆ. ರಾಜ, ದೈವ, ಕಳ್ಳರಿಂದ ನಷ್ಟವಾದುದಕ್ಕೆ ಪಡೆದವನು ಹೊಣೆಯಲ್ಲ. ಒಡೆಯನು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡು ಕಳೆದರೆ ಹೊಣೆಯು. ಅವಧಿಯನ್ನು ಬರೆದಿಡುವುದು, ದುರಸ್ತಿಯ ವೆಚ್ಚವನ್ನು ಒಡೆಯನು ವಹಿಸುವುದು, ನಿತ್ಯವೂ ನುಡಿಸುವುದನ್ನು ಪಡೆದವನ ಕರ್ತವ್ಯವೆನ್ನುವುದು, ಇಷ್ಟನ್ನು ಇದಕ್ಕೆ ಸೇರಿಸಿದರೆ ಸಾಕು. ಮಠಗಳೂ ಮನೆತನಗಳೂ ತಮ್ಮ ಪೆಟ್ಟಿಗೆಗಳನ್ನು ತೆರೆಯಲು ಬೇರೆ ಶಾಸ್ತ್ರವು ಬೇಕಾಗಿಲ್ಲವೆಂಬುದು ನಮ್ಮ ವಿಜ್ಞಾಪನೆಯು.